ಚಿಂತಾಮಣಿಯಲ್ಲಿ ಒನ್ಸ್ ಮೋರ್

ಶ್ರೀ

ಶಿಡ್ಲಘಟ್ಟ
12-2-1957

ಚಿ. ಸೌ. ಕಮಲಳಿಗೆ ದಕ್ಷಿಣಾಮೂರ್ತಿಯ ಆಶೀರ್ವಾದಗಳು.

ನಾನೂ ಅಲಮೇಲುವೂ ಆರೋಗ್ಯವಾಗಿದ್ದೇವೆ. ಗೌರಿಬಿದನೂರಿನಲ್ಲಿ ನೀನೂ ಅತ್ತೆಯವರೂ ಹಾಗೆಯೇ ಇದ್ದೀರೆಂದು ನಂಬಿದ್ದೇನೆ. ಕಾಗದ ತಡವಾಯಿತು, ಕ್ಷಮಿಸು. ಹಿಂದಿನ ಎರಡಕ್ಕೂ ಉತ್ತರ ಬರಲಿಲ್ಲವಾಗಿ ಮೂರನೆಯದಕ್ಕೆ ಕೈ ಏಳಲಿಲ್ಲ. ಕಾರ್ತಿಕದಲ್ಲಿ ನಮ್ಮ ನಂದೀಶ ಎರಡು ವರ್ಷ ತುಂಬುವ ಮೊದಲೇ ಹೋದ. ಅದಾದ ಹದಿನೈದು ದಿನಕ್ಕೆ ನೀನು ತವರಿಗೆ ಹೋದೆ. ಯಾವಾಗ ಬರುತ್ತಾಳೆ ಎಂದು ಕೇಳಿದವರಿಗೆ, ಪರೀಕ್ಷೆ ಮುಗಿಯಲಿ ಅನ್ನುತ್ತಿದ್ದೇನೆ. ಯಾರ ಪರೀಕ್ಷೆ ಎಂದು ಇದುವರೆಗೆ ಯಾರೂ ಕೇಳಿಲ್ಲ.

ಅಲಮೇಲುವಿಗೆ ಜಡೆ ನಾನೇ ಹಾಕುತ್ತೇನೆ. ಇಲಿಯ ಬಾಲದ ಹಾಗಿದೆ ಎಂದು ಅವಳ ಕ್ಲಾಸಿನವರು ನಗುತ್ತಾರಂತೆ. ಆದರೂ ಬೇರೆಯವರ ಕೈಗೆ ತಲೆ ಕೊಡುವುದಿಲ್ಲ.

ಚಿಂತಾಮಣಿಗೆ ದೊಡ್ಡ ನಾಟಕದ ಕಂಪನಿ ಬಂದಿದೆ. ‘ಲಕ್ಷ ರೂಪಾಯಿಯ ಸೀನರಿ, ಸಂಸಾರ ಸಮೇತ ನೋಡತಕ್ಕ ಸಂಗೀತ ನಾಟಕ’ ಎಂಬ ಹ್ಯಾಂಡ್‌ಬಿಲ್ಲು ನಮ್ಮ ಬೀದಿಗೂ ಬಂತು. ಹೆಡ್‌ಮಾಸ್ಟರು ಪುಟ್ಟಸ್ವಾಮಯ್ಯನವರು, ಮಗು ಮನೆಯಲ್ಲೇ ಮುದುಡಿ ಹೋಗಿದೆ, ಹೊರಡಿ ಎಂದು ಪಟ್ಟು ಹಿಡಿದು ಮೊನ್ನೆ ಭಾನುವಾರ ಮಧ್ಯಾಹ್ನದ ಆಟಕ್ಕೆ ನಮ್ಮಿಬ್ಬರನ್ನೂ ಕರೆದೊಯ್ದರು. ಕಂಪನಿ ನಾಟಕ ಅಂದರೆ ನನಗೆಷ್ಟು ತಾತ್ಸಾರ ಎಂದು ನಿನಗೆ ಗೊತ್ತು. ಸಿಟ್ಟಿನಲ್ಲಿ ಕತ್ತಿ ಹಿರಿದ ರಾಜ ಹಾರ್ಮೋನಿಯಂ ಶ್ರುತಿ ಕೊಡುವವರೆಗೂ ಕಾಯುತ್ತಾನೆ. ಆದರೆ ಸೀನರಿಗೆ ಮಾತ್ರ ತಲೆದೂಗಲೇಬೇಕು. ಅರಮನೆ ಎರಡಾಗಿ ಸರಿದು ಹಿಂದಿನಿಂದ ಕಾಡು ಬಂತು, ತಗಡಿನ ಷೆಡ್ಡಿನೊಳಗೆ ನಿಜವಾದ ಮಳೆ ಸುರಿಯಿತು. ಎಷ್ಟೋ ದಿನದ ಮೇಲೆ ಅಲಮೇಲು ನಕ್ಕಳು.

ಕಾಡಿನಲ್ಲಿ ರಾಣಿಯ ಮಗು ಜ್ವರ ಬಂದು ಸಾಯುತ್ತದೆ. ಅದನ್ನು ತೊಡೆಯ ಮೇಲೆ ಹಾಕಿಕೊಂಡು ಅವಳು ಹಾಡಿದಳು. ಹಾಡು ಮುಗಿದಾಗ ರಾಜ ಮಗುವನ್ನು ಎತ್ತಿಕೊಂಡು ಪರದೆಯ ಕಡೆ ನಡೆದ. ಜನ ಬಿಡಲಿಲ್ಲ, ‘ಒನ್ಸ್ ಮೋರ್’ ಎಂದು ಕೂಗಿದರು. ಹಾಗೆ ಕೂಗಿದರೆ ಮತ್ತೆ ಹಾಡಲೇಬೇಕು, ಅದು ಅವರ ಪದ್ಧತಿ. ರಾಜ ನಿಂತ. ತಿರುಗಿ ಬಂದು ಮಗುವನ್ನು ಮತ್ತೆ ಅವಳ ತೊಡೆಯ ಮೇಲೆ ಮಲಗಿಸಿದ. ಅವಳು ಸೆರಗು ಸರಿಮಾಡಿಕೊಂಡು ಮೊದಲಿನಿಂದ ಹಾಡಿದಳು. ಹೀಗೆ ಮೂರು ಸಲ ಆಯಿತು.

ಪುಟ್ಟಸ್ವಾಮಯ್ಯನವರು ಪಂಚೆಯ ಚುಂಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಹಿಂದಿನ ನಾನಾಗಿದ್ದರೆ ಅವರಿಗಿಂತ ಜೋರಾಗಿ ನಗುತ್ತಿದ್ದೆ. ಅಲಮೇಲು ನನ್ನ ಕಿವಿಯ ಹತ್ತಿರ ಬಂದಳು.

“ಅಪ್ಪಾ, ಮಗೂನ ಎತ್ಕೊಂಡು ಹೊರಟೋರು ಹಿಂದಕ್ಕೆ ಬರಬೋದಾ?”

ಅವಳನ್ನು ಕರೆದುಕೊಂಡು ಹೊರಗೆ ಬಂದೆ. ಬಸ್ಸಿನಲ್ಲಿ ಶಿಡ್ಲಘಟ್ಟ ಬರುವವರೆಗೂ ನನ್ನ ಕಣ್ಣೀರು ನಿಲ್ಲಲಿಲ್ಲ. ಮಗುವನ್ನು ಮಣ್ಣು ಮಾಡಿ ಬಂದ ದಿನವೂ ಇವರು ಅಳಲಿಲ್ಲ ಎಂದು ನೀನು ಅತ್ತೆಯವರ ಹತ್ತಿರ ಹೇಳಿದ್ದೆಯಂತೆ. ಹೇಳಿದ್ದು ಸರಿ.

ಅತ್ತೆಯವರಿಗೆ ನನ್ನ ನಮಸ್ಕಾರ. ಭೋಗನಂದೀಶ್ವರ ನಿನ್ನ ಮನಸ್ಸಿಗೆ ನೆಮ್ಮದಿ ಕೊಡಲಿ, ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮನನ್ನು ಬರಲು ಹೇಳಿ ಎಂದು ಅಲಮೇಲು ಬರೆಸಿದ್ದಾಳೆ. ನಾನೂ ಅದನ್ನೇ ಕೇಳುತ್ತಿದ್ದೇನೆ.

ನಿನ್ನ
ದಕ್ಷಿಣಾಮೂರ್ತಿ

ತಾ.ಕ.: ಅವತ್ತು ನಾನು ನಂದೀಶನನ್ನು ಎತ್ತಿಕೊಂಡು ಹೊಸ್ತಿಲು ದಾಟಿದಾಗ ನೀನು ಹಿಂದಿನಿಂದ, “ಇನ್ನೊಂದ್ಸಲ ನನ್ನ ಕೈಗೆ ಕೊಡಿ” ಅಂದೆ. ಎತ್ತಿಕೊಂಡು ಹೊರಟವನು ಹಿಂದಿರುಗಿ ನೋಡಬಾರದು ಎಂದು ಹಿರಿಯರು ಹೇಳಿದ್ದರು. ನಾನು ನಡೆದುಬಿಟ್ಟೆ. ಆಮೇಲೆ ನೀನು ಕೇಳಿದಾಗಲೆಲ್ಲ, ನನಗೆ ಕೇಳಿಸಲೇ ಇಲ್ಲ ಎಂದೆ. ಅದು ಸುಳ್ಳು. ಕೇಳಿಸಿತ್ತು, ಕಮಲ. ನೀನು ಎರಡು ಸಲ ಅಂದೆ. ಎರಡು ಸಲವೂ ಕೇಳಿಸಿತ್ತು.