ಸಾನಪಾಡಾದ ಬಿಳಿ ಸ್ಕರ್ಟಿಂಗ್

ಡೊಂಬಿವಲಿ ಪೂರ್ವ,
೧೪-೧೧-೨೦೨೫

ಪ್ರೀತಿಯ ರಾಯರಿಗೆ, ಸತ್ಯಭಾಮಾಳ ನಮಸ್ಕಾರ.

ಬಿಪಿ ಗುಳಿಗೆ ತಪ್ಪಿಸದೆ ನುಂಗುತ್ತಿದ್ದೀರಷ್ಟೆ? ಸೂರತ್ತಿನ ಹೊಸ ಹೋಟೆಲು ಹೇಗೆ ನಡೆದಿದೆ? ಫೋನಿನಲ್ಲಿ ಹೇಳಿದರೆ ನೀವು ನಗುತ್ತೀರಿ, ಅದಕ್ಕೇ ಈ ಕಾಗದ. ಪಕ್ಕದ ಮನೆಯ ಪ್ರೇಮನಾಥ ಇವತ್ತು ಅಲ್ಲಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ.

ದಸರೆಗೆ ಸಾನಪಾಡಾದಲ್ಲಿ ನಿಮ್ಮ ತಮ್ಮ ಮಧ್ವೇಶನ ಗೃಹಪ್ರವೇಶಕ್ಕೆ ಹೋಗಿದ್ದೆನಲ್ಲ, ಅವತ್ತಿನಿಂದ ನನಗೆ ನೆಮ್ಮದಿಯಿಲ್ಲ. ಗೋಡೆಯ ಬುಡದಲ್ಲಿ ಸುತ್ತಲೂ ಬಿಳಿ ಸ್ಕರ್ಟಿಂಗ್! ನಾಲ್ಕಿಂಚು ಎತ್ತರ, ಮೇಲಂಚು ನುಣ್ಣಗೆ ಬಾಗಿದೆ, ಮೂಲೆಯಲ್ಲಿ ಎರಡು ತುಂಡು ಓರೆ ಕೊಯ್ದು ಕೂಡಿಸಿದ್ದು ಗೊತ್ತೇ ಆಗುವುದಿಲ್ಲ. ಟಿವಿ ವಯರೆಲ್ಲ ಅದರ ಹಿಂದೆ. ನಮ್ಮಲ್ಲೋ, ಉಳಿದ ಟೈಲ್ಸ್ ಕೊಯ್ದು ಅಂಟಿಸಿದ ಪಟ್ಟಿ, ಅರ್ಧ ಇಂಚು ಹೊರಗೆ ಚಾಚಿಕೊಂಡು, ಮೇಲೆಲ್ಲ ಧೂಳು. ಕಪಾಟು ಗೋಡೆಗೆ ತಾಗುವುದೂ ಇಲ್ಲ. "ನಿಮ್ಮದು ಹಳೇ ಟೈಪ್ ಅಲ್ವಾ ಅಕ್ಕ" ಎಂದು ಅವನ ಹೆಂಡತಿ ಸಂಜನಾ ನಕ್ಕಳು. ಹೊಟ್ಟೆ ಉರಿದುಹೋಯಿತು ನೋಡಿ. ಅವಳಿಗಿಂತ ಹದಿನಾಲ್ಕು ವರ್ಷ ಮೊದಲು ಈ ಮನೆತನಕ್ಕೆ ಬಂದವಳು ನಾನು!

ದೀಪಾವಳಿ ಆದದ್ದೇ ಬಡಗಿ ಅಂಬಾದಾಸನನ್ನು ಕರೆಸಿ ಹಳೆಯದನ್ನು ಕೀಳಿಸಿ ಅವಳದರಂಥದ್ದೇ ಹಾಕಿಸಿದೆ. ಪಾಪ, ಅವನು ಮೊದಲೇ ಹೇಳಿದ್ದ: "ವಹಿನಿ, ನೆಲ ಗೋಡೆ ಸೇರುವ ಸಂದು ಮುಚ್ಚಿ ನೀರು ತಡೆಯುವುದೇ ಇದರ ಕೆಲಸ. ಸಾನಪಾಡಾದ್ದು ಮರದ ಪುಡಿ ಒತ್ತಿ ಮಾಡಿದ ಹಲಗೆ. ಒರೆಸುವ ಮನೆಗೆ ಸರಿ, ತೊಳೆಯುವ ಮನೆಗೆ ಟೈಲ್ಸೇ ಬೇಕು." ನಾನು ಕೇಳಿದರೆ ತಾನೆ! ಉತ್ಥಾನ ದ್ವಾದಶಿಯ ಬೆಳಿಗ್ಗೆ ಎಂದಿನಂತೆ ಮಡಿಯಲ್ಲಿ ಮೂರು ಬಕೆಟ್ ನೀರು ಹೊಯ್ದು ಮನೆ ತೊಳೆದೆ. ಮರುದಿನಕ್ಕೆ ಸ್ಕರ್ಟಿಂಗ್ ನೆನೆದ ಅವಲಕ್ಕಿಯ ಹಾಗೆ ಉಬ್ಬಿ ನಿಂತಿತು. ಬೈಯಬೇಡಿ, ನಾನೇ ಬೈದುಕೊಂಡಾಗಿದೆ.

ಈಗ ಮಧ್ವೇಶ ಹೇಳುತ್ತಾನೆ, ಮುಂದಿನ ತಿಂಗಳು ಅತ್ತೆಯ ಶ್ರಾದ್ಧ ಸಾನಪಾಡಾದಲ್ಲೇ ಆಗಲಿ, ಮನೆ ದೊಡ್ಡದು ಅಂತ. ಹನ್ನೊಂದು ವರ್ಷ ಮಡಿಯುಟ್ಟು ಬಡಿಸಿದವಳು ನಾನು. ಹಿರಿಸೊಸೆ ನಾನೋ ಅವಳೋ? ನೀವು ಖಂಡಿತ ಒಪ್ಪಕೂಡದು.

ಮಗಳು ನಿಶಾ ದಿನಾ ನಿಮ್ಮನ್ನು ನೆನೆಯುತ್ತಾಳೆ. ಕೃಷ್ಣ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಸತ್ಯಭಾಮಾ

ತಾ.ಕ.: ಪ್ರೇಮನಾಥ ಬಾಗಿಲಲ್ಲಿ ನಿಂತಿದ್ದಾನೆ. ಈಗಷ್ಟೇ ಸಂಜನಾ ಫೋನ್ ಮಾಡಿದ್ದಳು. "ಅಕ್ಕ, ಶ್ರಾದ್ಧಕ್ಕೆ ನೀವೇ ಬಂದು ಮನೆ ತೊಳೆದುಕೊಡಿ, ಮಡಿಯೆಲ್ಲ ನನಗೆ ಗೊತ್ತಾಗಲ್ಲ" ಅಂದಳು. ಅಲ್ಲೇ ಆಗಲಿ ಎಂದು ತಕ್ಷಣ ಒಪ್ಪಿಬಿಟ್ಟೆ. ನೀರು ಬಿದ್ದರೆ ಅವಳ ಹಲಗೆಯೂ ಉಬ್ಬುತ್ತದೆ ಎಂಬ ವಿಷಯ ಎತ್ತಲೇ ಇಲ್ಲ. ನೀವೇ ಅವಳಿಗೆ ಹೇಳಿಬಿಡಿ, ನನ್ನ ಬಾಯಿಂದ ಹೊರಡುವುದಿಲ್ಲ.