ನಿಜವಾದ ಕರೆಂಟೋ, ಬರೀ ಉಪ್ಪುನೀರೋ

ಸಾವೊ ಪಾಲೊ, ಸೋಮವಾರ

ಅಜ್ಜೀ,

ಬೆಳಗಿನ ಐದಕ್ಕೆ ಮಗು ಬಿಕ್ಕಳಿಸಿದ ಸದ್ದಿಗೇ ಎಚ್ಚರವಾಯಿತು. ನಿದ್ದೆ ಇನ್ನೂ ಕೋಳಿನಿದ್ದೆಯೇ, ಆದರೆ ಹೆರಿಗೆಯಾದ ಮೇಲೆ ಮೊದಲ ಸಲ ಅವಳನ್ನೆತ್ತಿಕೊಳ್ಳಲು ಭಯವಾಗಲಿಲ್ಲ.

ಇಲ್ಲಿನ ಆಸ್ಪತ್ರೆಯಲ್ಲಿ ನನ್ನಂತೆ ಖಿನ್ನತೆ ಹಿಡಿದ ಬಾಣಂತಿಯರ ಹಣೆಗೆ ದಿನವೂ ಉಪ್ಪುನೀರಿನ ಸ್ಪಂಜು ಕಟ್ಟಿ ಅರ್ಧ ಗಂಟೆ ಸಣ್ಣಗೆ ಕರೆಂಟು ಬಿಡುತ್ತಾರೆ. ಸಂಶೋಧನೆಯಲ್ಲವೇ, ಅರ್ಧ ಜನಕ್ಕೆ ನಿಜವಾದದ್ದು, ಉಳಿದವರಿಗೆ ಬರೀ ನಟನೆ. ಯಾರಿಗೆ ಯಾವುದೆಂದು ನರ್ಸಿಗೂ ಗೊತ್ತಿಲ್ಲ. ಹೊರಬಂದ ಮೇಲೆ ಎಲ್ಲರೂ ಹಣೆಯ ಕೆಂಪು ಹೋಲಿಸಿ ನೋಡುವುದೇ ನೋಡುವುದು.

"ನಂದು ನೋಡೇ, ಟೊಮೇಟೊ! ನಿಂಗೆ ಬರೀ ಉಪ್ಪುನೀರು ಕಣೇ, ಉಪ್ಪಿನಕಾಯಿ ಆಗ್ತೀಯ," ಅಂತ ಪಕ್ಕದ ಕುರ್ಚಿಯ ಡಾಲ್ವಾ ರೇಗಿಸುತ್ತಾಳೆ.

ಎದೆಹಾಲು ಕುಡಿಸಲು ಡಾಕ್ಟರು ಅಡ್ಡಿ ಹೇಳಿಲ್ಲ. ಊಟ ಸೇರುತ್ತಿದೆ.

ಶುಕ್ರವಾರ ಬೆಳಿಗ್ಗೆ, ಕೇಳಿದವರಿಗೆ ಮಾತ್ರ, ಯಾರಿಗೆ ಯಾವುದೆಂದು ಬರೆದಿಟ್ಟ ಲಕೋಟೆ ಒಡೆದು ಹೇಳುತ್ತಾರಂತೆ. ನನ್ನದು ನಟನೆ ಅಂತಾದರೆ ಬಂದ ಧೈರ್ಯವೂ ಇಳಿದುಹೋದೀತೆಂದು ದಿಗಿಲು. ಬರೀ ಸೊಪ್ಪಿನ ಕಡ್ಡಿ ನಿವಾಳಿಸಿ, ಹಾಸಿಗೆ ಹಿಡಿದ ಊರವರನ್ನು ಎಬ್ಬಿಸಿ ಕೂರಿಸಿದವಳು ನೀನು, ನಂಬಿಕೆಯ ಬಲ ನಿನಗೇ ಗೊತ್ತು. ಕೇಳಲೋ, ಬೇಡವೋ?

ನೀನು ಫೋನ್ ಎತ್ತುವುದಿಲ್ಲವೆಂದೇ ಈ ಕಾರ್ಡು. ಗುರುವಾರ ಕೈಸೇರೀತು. ನಿನ್ನ ಬೀದಿಯ ಬೇಕರಿಯವರ ಫೋನಿಂದಲಾದರೂ ಸರಿ, ದಮ್ಮಯ್ಯ ಅಜ್ಜಿ, ಶುಕ್ರವಾರ ಬೆಳಗಾಗುವುದರೊಳಗೆ ಒಂದು ಮಾತು ಹೇಳು.

ನಿನ್ನ ಜುರೇಮಾ