‘ಜಗಳ ಮುಗಿಯಿತು’ ಎಂಬ ಹೆಸರಿಗೆ ತಮ್ಮ ತಕರಾರೇನು?

ವ್ಯಾಪಾರದ ಹೆಸರುಗಳಿಗೆ ಒಪ್ಪಿಗೆಯ ಮುದ್ರೆ ಒತ್ತುವ ಮಾನ್ಯ ಅಧಿಕಾರಿಗಳೇ,

ನಾವಿಬ್ಬರು ಹೆಂಗಸರು ವರ್ಷಗಟ್ಟಲೆ ಆಡಿದ ಜಗಳವನ್ನು ನಿಲ್ಲಿಸಿ, ಒಟ್ಟಿಗೆ ಒಂದು ಅಂಗಡಿ ಮಾಡಿಕೊಂಡು, ಅದಕ್ಕೆ ‘ಜಗಳ ಮುಗಿಯಿತು’ ಎಂಬ ಹೆಸರು ಕೇಳಿದೆವು. ತಮ್ಮ ಕಚೇರಿ ಆ ಹೆಸರನ್ನು ತಿರಸ್ಕರಿಸಿ ನಮ್ಮನ್ನು ಮತ್ತೆ ಜಗಳಕ್ಕೆ ಹಚ್ಚಿತು. ಸರ್ಕಾರದ ಕೆಲಸವೊಂದು ಇಷ್ಟು ಬೇಗ ಫಲ ಕೊಟ್ಟದ್ದನ್ನು ನಾನು ಇದೇ ಮೊದಲು ಕಂಡದ್ದು. ಅಭಿನಂದನೆಗಳು.

ಸೆಕೊಂಡಿ ಊರಿನ ದೋಣಿಕಟ್ಟೆಯಲ್ಲಿ ನಾನು ಕೆಂಕೆ ಮಾಡುತ್ತೇನೆ. ಹುಳಿ ಬಂದ ಮೆಕ್ಕೆಜೋಳದ ಹಿಟ್ಟನ್ನು ಉಂಡೆ ಕಟ್ಟಿ, ತೆನೆಯ ಸಿಪ್ಪೆಯಲ್ಲಿ ಸುತ್ತಿ ಬೇಯಿಸುವುದು ತಾಯಿಯಿಂದ ಬಂದ ಕಸುಬು. ನನ್ನ ಎದುರಿಗೆ ಮಾನ್ಸಾ ಮೀನು ಕರಿಯುತ್ತಾಳೆ. ಮೀನಿಲ್ಲದೆ ಕೆಂಕೆ ಗಂಟಲಿಗಿಳಿಯದು, ಕೆಂಕೆಯಿಲ್ಲದೆ ಮೀನು ಹೊಟ್ಟೆ ತುಂಬಿಸದು. ಆದರೇನು? ಅವಳ ಹೊಗೆ ನನ್ನ ಕಣ್ಣಿಗೆ, ನಾನು ಚೆಲ್ಲುವ ನೀರು ಅವಳ ಕಾಲಿಗೆ. ಮಾತು ಬಿಟ್ಟೆವು. ಗಿರಾಕಿಗಳು ನನ್ನಲ್ಲಿ ಕೆಂಕೆ ಕೊಂಡು, ಅದನ್ನು ಅಂಗಿಯೊಳಗೆ ಬಚ್ಚಿಟ್ಟು ಅವಳಲ್ಲಿಗೆ ಹೋಗಬೇಕಾಗಿತ್ತು.

ಹೋದ ಮಳೆಗಾಲದಲ್ಲಿ ಬಿರುಗಾಳಿಗೆ ಅವಳ ಚಪ್ಪರ ಹಾರಿಹೋಯಿತು. ಕಾದ ಎಣ್ಣೆಯ ಬಾಣಲೆ ಹಿಡಿದು ಮಳೆಯಲ್ಲಿ ನಿಂತಿದ್ದಳು. ನೋಡಲಾಗಲಿಲ್ಲ.

“ಒಳಗೆ ಬಾರೇ, ನಿನಗಲ್ಲ, ಆ ಮೀನಿಗೆ ಹೇಳ್ತಿರೋದು,” ಎಂದೆ.

“ಮೀನು ಒಂದೇ ಬರಲ್ವಂತೆ,” ಎನ್ನುತ್ತಾ ಒಳಗೆ ಬಂದಳು.

ನನ್ನ ಮಾಡಿನ ಕೆಳಗೆ ಗಿರಾಕಿಗಳು ಮೊದಲ ಬಾರಿಗೆ ಒಂದೇ ಸಾಲಿನಲ್ಲಿ ನಿಂತರು. ನಮ್ಮ ಗಿರಾಕಿ, ದೋಣಿ ನಡೆಸುವ ಕೋಬಿನಾ ಸಮುದ್ರಕ್ಕೆ ಕೇಳುವ ಹಾಗೆ ಕೂಗಿದ: “ಬನ್ರೋ, ಜಗಳ ಮುಗೀತು!” ಅಂದಿನಿಂದ ಊರೆಲ್ಲ ನಮ್ಮನ್ನು ಹಾಗೆಯೇ ಕರೆಯಿತು. ನಾವು ಇಟ್ಟ ಹೆಸರಲ್ಲ ಮಾನ್ಯರೇ, ನಮಗೆ ಸಿಕ್ಕ ಹೆಸರು.

ಈಗ ಬಂದರಿನ ಬಳಿ ಹೊಸ ಮಾರುಕಟ್ಟೆ ಎದ್ದಿದೆ. ನೋಂದಾಯಿತ ಹೆಸರಿದ್ದವರಿಗೆ ಮಾತ್ರ ಮಳಿಗೆ. ಉಳಿದವರ ಚಪ್ಪರಗಳನ್ನು ಕೀಳುತ್ತಾರೆ. ಹೀಗಾಗಿ ತಮ್ಮ ಕಚೇರಿಗೆ ಬಂದೆವು. ಕಿಟಕಿಯ ಹಿಂದಿದ್ದ ತಮ್ಮ ಗುಮಾಸ್ತರು ಅರ್ಜಿ ಓದಿ ಹುಬ್ಬೇರಿಸಿದರು.

“ಇದೇನಮ್ಮಾ, ಊಟದಂಗಡಿ ಹೆಸರೋ, ಕೋರ್ಟಿನ ತೀರ್ಪೋ? ನೀವು ವ್ಯಾಜ್ಯ ಬಗೆಹರಿಸ್ತೀರಿ ಅಂತ ಜನ ತಪ್ಪು ತಿಳ್ಕೋತಾರೆ. ನ್ಯಾಯಾಲಯದಿಂದ ಆಕ್ಷೇಪವಿಲ್ಲ ಅಂತ ಪತ್ರ ತನ್ನಿ. ಇಲ್ಲಾಂದ್ರೆ ನಿಮ್ಮಿಬ್ಬರ ಹೆಸರನ್ನೇ ಇಡಿ.”

ಕರಿದ ಮೀನಿನ ಘಮದ ಮಧ್ಯೆ ನಿಂತು ಯಾರು ತಾನೇ ಆಸ್ತಿ ಪಾಲು ಮಾಡಿಕೊಡಿ ಎಂದು ಕೇಳುತ್ತಾರೆ? ಅದೂ ಇರಲಿ, ಅದೇ ಕಿಟಕಿಯ ಪಕ್ಕದ ಗೋಡೆಯ ಮೇಲೆ ತಾವು ಒಪ್ಪಿದ ಹೆಸರುಗಳಿದ್ದವು. ‘ಸ್ವರ್ಗದ ಬಾಗಿಲು ಟೈರ್ ರಿಪೇರಿ’ಗೆ ಆಕ್ಷೇಪವಿಲ್ಲವೆಂದು ಸ್ವರ್ಗದ ದ್ವಾರಪಾಲಕರು ಬರೆದುಕೊಟ್ಟಿದ್ದಾರೆಯೇ? ‘ಕೊನೆಯ ನಗು ಶವಪೆಟ್ಟಿಗೆ ತಯಾರಕರು’ ಯಾರ ನಗುವನ್ನು ಸಾಕ್ಷಿಯಾಗಿ ಹಾಜರುಪಡಿಸಿದರು?

ಹೋಗಲಿ, ನಮ್ಮ ಹೆಸರನ್ನೇ ಇಡೋಣ ಎಂದುಕೊಂಡೆವು. ಮನೆ ಮುಟ್ಟುವಷ್ಟರಲ್ಲಿ ಯಾರ ಹೆಸರು ಮುಂದೆ ಎಂಬ ಪ್ರಶ್ನೆ ಹುಟ್ಟಿತು.

“ಮಾಡು ನಂದು, ನನ್ನ ಹೆಸರೇ ಮುಂದೆ,” ಎಂದೆ.

“ಆಹಾ! ನನ್ನ ಮೀನಿಲ್ದೆ ನಿನ್ನ ಆ ಕಲ್ಲಿನ ಉಂಡೆ ಯಾರು ನುಂಗ್ತಿದ್ರು?”

ಮರುದಿನ ಮಾನ್ಸಾ ಬಾಣಲೆ ಎತ್ತಿಕೊಂಡು ಎದುರಿನ ಮೂಲೆಗೆ ಹೋದಳು. ಕೋಬಿನಾ ಮತ್ತೆ ಕೆಂಕೆಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡ. ಅದನ್ನು ಕಂಡಾಗ ನನಗೆ ಬಂದ ಅಳು ಹೊಗೆಯದಲ್ಲ ಎಂದು ಹೇಳಿದರೆ ತಾವು ಅದಕ್ಕೂ ಪ್ರಮಾಣಪತ್ರ ಕೇಳಬಹುದು.

ಮಾತು ಮೊದಲು ಆಡಿದವಳು ಮಾನ್ಸಾ. ತಟ್ಟೆ ತುಂಬ ಬಿಸಿ ಮೀನು ತಂದು ನನ್ನ ಮುಂದೆ ಕುಕ್ಕಿದಳು. “ತಿನ್ನು. ತಿಂದು ಬೇಗ ಏಳು, ಕೋರ್ಟಿಗೆ ಹೋಗ್ಬೇಕು.”

ಕೋರ್ಟಿನ ಗುಮಾಸ್ತ ತಲೆ ಕೆರೆದುಕೊಂಡ. “ಕೇಸೇ ಇಲ್ದೆ ಪತ್ರ ಹೇಗೆ ಕೊಡೋದು? ಒಬ್ಬರ ಮೇಲೊಬ್ಬರು ಕೇಸ್ ಹಾಕಿ, ಆಮೇಲೆ ರಾಜಿ ಮಾಡ್ಕೊಳ್ಳಿ.” ನೋಡಿ ಮಾನ್ಯರೇ, ಜಗಳ ಮುಗಿದಿದೆ ಎಂದು ಸಾಬೀತು ಮಾಡಲು ಮೊದಲು ಜಗಳವಾಡಬೇಕಂತೆ! ನಾವಿಬ್ಬರೂ ನಕ್ಕ ಸದ್ದು ಒಳಗಿದ್ದ ನ್ಯಾಯಾಧೀಶೆಗೂ ಕೇಳಿಸಿತು; ಅವರು ನಮ್ಮನ್ನು ಕರೆಸಿ ವಿಚಾರಿಸಿದರು.

“ಏನು ನಿಮ್ಮ ದೂರು?”

“ಇವಳ ಮೇಲೆ ನಂದು ಏನೂ ದೂರಿಲ್ಲ ತಾಯಿ. ಅಷ್ಟನ್ನ ಬರ್ಕೊಡಿ ಸಾಕು,” ಎಂದಳು ಮಾನ್ಸಾ.

ನ್ಯಾಯಾಧೀಶೆ ಬಹಳ ಹೊತ್ತು ನಕ್ಕರು. ನಂತರ ಬರೆದುಕೊಟ್ಟರು: “ಜಗಳವಾಗಲಿ, ಅದು ಮುಗಿಯುವುದಾಗಲಿ ಈ ನ್ಯಾಯಾಲಯದ ಸ್ವತ್ತಲ್ಲ. ಆಕ್ಷೇಪವಿಲ್ಲ.”

ಆ ಪತ್ರ ಈಗ ತಮ್ಮ ಮೇಜಿನ ಮೇಲಿದೆ. ಮಳಿಗೆ ಹಂಚುವ ದಿನ ಹತ್ತಿರ ಬಂದಿದೆ. ತಾವು ಮುದ್ರೆ ಒತ್ತಬೇಕು, ಈ ವಾರವೇ ಒತ್ತಬೇಕು. ಬದಲಿ ಹೆಸರು ಸೂಚಿಸುವ ಉಪಕಾರವನ್ನು ಮಾತ್ರ ದಯವಿಟ್ಟು ಮಾಡಬೇಡಿ. ಒಂದು ವೇಳೆ ಇನ್ನೊಮ್ಮೆ ತಿರಸ್ಕರಿಸುವುದೇ ಆದರೆ ಕಾರಣವನ್ನು ಅಂಚೆಯಲ್ಲಿ ಕಳಿಸಬೇಡಿ. ತಾವೇ ಖುದ್ದಾಗಿ ಬಂದು ಮಾನ್ಸಾಗೆ ಹೇಳಿ. ಎಣ್ಣೆ ಚೆನ್ನಾಗಿ ಕಾದಿರುವ ಹೊತ್ತಿಗೇ ಬನ್ನಿ.

ಇಂತಿ,
ಗಿರಾಕಿಗಳು ಒಪ್ಪಿದರೂ ಸರ್ಕಾರ ಒಪ್ಪದ ಅಂಗಡಿಯ ಅರ್ಧ ಒಡತಿ,
ಆಬಾ ಬೆಂಟ್ಸಿವಾ